ಅಣ್ಣನಂತೆಯೇ ತಮ್ಮನೂ ಇರಬಾರದೆಂದು

ಅಜ್ಜಂಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಪಂಚಾಕ್ಷರಪ್ಪ ಮೇಷ್ಟ್ರಿಗೆ ಈ ಭೂಮಿಯ ಮೇಲೆ ಇದ್ದದ್ದು ಒಂದೇ ಒಂದು ಕೊರತೆ. ಅದರ ಹೆಸರು ಮಲ್ಲಿಕಾರ್ಜುನಪ್ಪ, ಊರು ಕಡೂರು, ಕಸುಬು ಕೊಬ್ಬರಿ ವ್ಯಾಪಾರ, ಸಂಬಂಧದಲ್ಲಿ ಒಡಹುಟ್ಟಿದ ಅಣ್ಣ.

ಮೇಷ್ಟ್ರು ತರೀಕೆರೆಯಲ್ಲಿ ಬಸ್ಸಿಳಿದರೆ ಸೌತೆಕಾಯಿ ಮಾರುವ ಹುಲಿಯಮ್ಮ, "ಕಡೂರು ಮಲ್ಲಿಕಾರ್ಜುನಪ್ಪನೋರ ತಮ್ಮ ಅಲ್ವ್ರಾ? ಮೂಗು ನೋಡಿದ್ರೇ ಗೊತ್ತಾಯ್ತದೆ" ಅನ್ನುತ್ತಿದ್ದಳು. ಬೀರೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೇಳಬೇಕಾದ ಮನುಷ್ಯ ಟಿಕೆಟ್ ಬಿಟ್ಟು "ಅಣ್ಣಾವ್ರು ಹೆಂಗಿದಾರೆ?" ಎಂದು ಕೇಳುತ್ತಿದ್ದ. ಇಪ್ಪತ್ತೆರಡು ವರ್ಷ ಪಾಠ ಹೇಳಿ, ಐವರು ಮುಖ್ಯೋಪಾಧ್ಯಾಯರನ್ನು ಬರಮಾಡಿಕೊಂಡು ಅಷ್ಟೇ ಮಂದಿಯನ್ನು ಬೀಳ್ಕೊಟ್ಟು, ಬೀಳ್ಕೊಡುಗೆಯ ಪ್ರತಿಯೊಂದು ಸಭೆಯಲ್ಲೂ ಮುಕ್ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ಮಾತಾಡಿದ ವಿದ್ವಾಂಸನೊಬ್ಬ ಮೂರು ಊರುಗಳ ನಡುವೆ ಒಂದು ಮೂಗಾಗಿ ಉಳಿದುಬಿಟ್ಟರೆ ಹೇಗಾಗಬೇಡ?

ಅಣ್ಣನಾದರೂ ಎಂಥವನು? ನಕ್ಕರೆ ಮಾಳಿಗೆಯ ಮೇಲಿನ ಪಾರಿವಾಳ ಹಾರಬೇಕು. ಮಾತಾಡುವಾಗ ಎದುರಿಗಿದ್ದವರ ತೊಡೆ ತಟ್ಟಬೇಕು (ತನ್ನ ತೊಡೆ ಬಿಡುವಿದ್ದಾಗಲೂ). ಬೀದಿಯಲ್ಲಿ ಹೋಗುವವರನ್ನು ಕರೆದು ಕೂರಿಸಿ, ಅವರು ಬೇಡ ಬೇಡವೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಕೈಯ ಮೇಲೇ ಬಡಿಸಬೇಕು. ಇಂಥ ಮನುಷ್ಯನಿಗೆ ನನ್ನನ್ನು ಹೋಲಿಸುವುದೇ ಎಂದು ಮೇಷ್ಟ್ರು ಕುದಿಯುತ್ತಿದ್ದರು. ಸಾಲದ್ದಕ್ಕೆ, ಒಂಬತ್ತು ವರ್ಷದ ಹಿಂದೆ ಲಕ್ಕವಳ್ಳಿಯ ಒಂದು ಮದುವೆಯಲ್ಲಿ ಇಬ್ಬರ ಚಪ್ಪಲಿ ಅದಲುಬದಲಾಗಿ, "ನನ್ನ ಹೊಸಾ ಜೊತೆ ನೀನು ಮೆಟ್ಕೊಂಡು ಹೋದೆ" ಎಂದು ಇವರು, "ನಿಂದೇ ಹಳೇದು, ನನ್ನದೇ ಹೊಸದು" ಎಂದು ಅವರು ಹಟ ಹಿಡಿದು, ಅಂದಿನಿಂದ ಮಾತು ನಿಂತುಹೋಗಿತ್ತು. ಇಬ್ಬರ ಕಾಲಿನ ಅಳತೆಯೂ ಕೂದಲೆಳೆಯಷ್ಟು ಹೆಚ್ಚುಕಡಿಮೆಯಿಲ್ಲದೆ ಒಂದೇ ಆಗಿದ್ದರಿಂದ ಈ ವ್ಯಾಜ್ಯವನ್ನು ತೀರ್ಮಾನಿಸಲು ಯಾವ ಪಂಚಾಯಿತಿಯಿಂದಲೂ ಆಗಲಿಲ್ಲ.

ಹೀಗಿರುವಾಗ, ಎಪ್ಪತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಹೊಸ ಪಠ್ಯದ ತರಬೇತಿಗೆಂದು ಮೇಷ್ಟ್ರು ಮೈಸೂರಿಗೆ ಹೋಗಿ ಹತ್ತು ದಿನ ಇದ್ದು ಬಂದರು. ಬೇರೆಯವರು ಮೈಸೂರಿನಿಂದ ಊದುಬತ್ತಿ ತರುತ್ತಾರೆ, ವೀಳ್ಯದೆಲೆ ತರುತ್ತಾರೆ. ಮೇಷ್ಟ್ರು ಇಪ್ಪತ್ಮೂರು ಜೊತೆ ವರ್ಣತಂತು ತಂದರು.

ಮನೆಗೆ ಬಂದು ಕಾಲು ತೊಳೆದವರೇ ಅಡಿಗೆಮನೆಗೆ ನುಗ್ಗಿ ಅಲಸಂದೆ ಡಬ್ಬಕ್ಕೆ ಕೈ ಹಾಕಿದರು.

"ರೀ, ಏನ್ರೀ ಅದು? ನಾಳೆ ಸಾರಿಗೆ ಇಟ್ಟಿರೋ ಕಾಳು!" ಎಂದರು ಹೆಂಡತಿ ವಿಶಾಲಾಕ್ಷಮ್ಮ.

"ಸಾರು ಹಾಳಾಗ್ಲಿ. ಬಾ ಇಲ್ಲಿ, ಕೂತ್ಕೋ. ಇವತ್ತು ನಿನ್ನ ಕಣ್ಣು ತೆರೆಸ್ತೀನಿ."

ನೆಲದ ಮೇಲೆ ಒಂದು ಬಿಳಿ, ಒಂದು ಕೆಂಪು ಹೀಗೆ ಅಲಸಂದೆಯ ಜೋಡಿಗಳು ಸಾಲುಗಟ್ಟಿದವು. ಒಂದೊಂದು ಕಾಳೂ ಒಂದು ವರ್ಣತಂತು, ಅಂದರೆ ಕ್ರೋಮೋಸೋಮು. ಆ ಕಡೆ ಅಪ್ಪನ ಇಪ್ಪತ್ಮೂರು ಜೋಡಿ, ಈ ಕಡೆ ಅವ್ವನ ಇಪ್ಪತ್ಮೂರು ಜೋಡಿ.

"ನೋಡು. ಮಗು ಹುಟ್ಟುವಾಗ ಅಪ್ಪನ ಒಂದೊಂದು ಜೋಡಿಯಿಂದ್ಲೂ ಒಂದೇ ಕಾಳು ಬರ್ತದೆ. ಅವ್ವನ ಒಂದೊಂದು ಜೋಡಿಯಿಂದ್ಲೂ ಒಂದೇ ಕಾಳು. ಅಲ್ಲಿಗೆ ಅಪ್ಪನದು ಅರ್ಧ, ಅವ್ವನದು ಅರ್ಧ. ಸರಿನಾ? ಮೊದಲನೇ ಮಗನಿಗೆ ಈ ಜೋಡಿಲಿ ಬಿಳೀದು ಬಂತು ಅಂತಿಟ್ಕೋ. ಎರಡನೇ ಮಗನಿಗೆ?"

"ಕೆಂಪು."

"ಅದೇ ಅಲ್ಲ! ಬಿಳೀದೂ ಬರಬಹುದು, ಕೆಂಪೂ ಬರಬಹುದು. ದೇವರು ಕಣ್ಣು ಮುಚ್ಕೊಂಡು ತೆಗೀತಾನೆ. ಅದಕ್ಕೇ ಒಂದೇ ಹೊಟ್ಟೇಲಿ ಹುಟ್ಟಿದ್ರೂ ಅಣ್ಣನ ಅರ್ಧ ಬೇರೆ, ತಮ್ಮನ ಅರ್ಧ ಬೇರೆ. ನೂರಾರು ಜೊತೆ ಅಣ್ಣತಮ್ಮಂದಿರ್ನ ತೂಗಿ ನೋಡಿದ್ರೆ ಸರಾಸರಿ ಅರ್ಧ ಹೋಲ್ತಾರೆ. ಆದರೆ ಅದು ಸರಾಸರಿ ಕಣೇ! ಕೆಲವರು ಜಾಸ್ತಿ ಹೋಲ್ತಾರೆ. ಕೆಲವರು..." ಮೇಷ್ಟ್ರ ದನಿ ಇಲ್ಲಿ ಗದ್ಗದವಾಯಿತು. "ಕೆಲವು ಪುಣ್ಯವಂತರು ಸ್ವಲ್ಪಾನೂ ಹೋಲೋದಿಲ್ಲ."

ವಿಶಾಲಾಕ್ಷಮ್ಮ ತರೀಕೆರೆಯ ಕನ್ನಡ ಪಂಡಿತರೊಬ್ಬರ ಮಗಳು. ಹೇಳಿದ್ದನ್ನು ಒಪ್ಪುವ ಮೊದಲು ಬಿಡಿಸಿ ನೋಡುವುದು ತವರಿನ ಅಭ್ಯಾಸ. "ಹಂಗಾದ್ರೆ ತೆಗೆದೇ ನೋಡಾನ" ಎಂದು ಕಣ್ಣು ಮುಚ್ಚಿ ಕೂತರು. ಅಣ್ಣನ ಪಾಲಿಗೆ ನಲವತ್ತಾರು ಕಾಳು, ತಮ್ಮನ ಪಾಲಿಗೆ ನಲವತ್ತಾರು ಕಾಳು ತೆಗೆದದ್ದಾಯಿತು. ಎರಡೂ ಸಾಲನ್ನು ಪಕ್ಕಪಕ್ಕ ಇಟ್ಟು ಎಣಿಸಿದರೆ ಇಪ್ಪತ್ತೊಂಬತ್ತು ಕಡೆ ಒಂದೇ ಬಣ್ಣ.

"ಇಪ್ಪತ್ತೊಂಬತ್ತು!" ಎಂದರು ವಿಶಾಲಾಕ್ಷಮ್ಮ. "ಅರ್ಧ ಇರ್ಲಿ, ಜಾಸ್ತೀನೇ ಆಯ್ತಲ್ರೀ. ಮೂಗು, ಕಾಲು, ನಗು, ಹಟ ಎಲ್ಲಾ ಅದ್ರಾಗೇ ಬಂದೋಗ್ತದೆ ಬಿಡಿ."

"ಅದು ಅಲಸಂದೆ ತಪ್ಪು. ಹುಳ ಹಿಡಿದಿರೋ ಕಾಳು ಇಟ್ಟಿದೀಯ."

ಹುಳ ಹಿಡಿದಿದ್ದೇ ಆದರೆ ಯಾವುದಕ್ಕೆ ಹಿಡಿದಿದೆ ಎಂದು ನನಗೆ ಗೊತ್ತು ಎಂಬಂತೆ ಒಂದು ನೋಟ ಬೀರಿ ವಿಶಾಲಾಕ್ಷಮ್ಮ ಕಾಳು ಬಾಚಿ ಡಬ್ಬಕ್ಕೆ ತುಂಬಿದರು.

ಈ ವಂಶಶಾಸ್ತ್ರವೆಲ್ಲ ಶಾಲೆಯ ಹಲಗೆಯ ಮೇಲೇ ಉಳಿದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಮೇಷ್ಟ್ರಿಗೆ ಸರ್ವಮಂಗಳ ಎಂಬ ಒಬ್ಬಳೇ ಮಗಳಿದ್ದಳು. ಶಿವಮೊಗ್ಗದಲ್ಲಿ ಬಿ.ಎಸ್ಸಿ. ಮುಗಿಸಿ ಎರಡು ವರ್ಷದಿಂದ ಮನೆಯಲ್ಲಿದ್ದಳು. ಅಷ್ಟರಲ್ಲಿ ಮೂರು ಗಂಡುಗಳು ಬಂದು ಉಪ್ಪಿಟ್ಟು ತಿಂದು ಹೋಗಿದ್ದವು. ಮೂರಕ್ಕೂ ಅವಳು "ಊಹೂಂ" ಎಂದಿದ್ದಳು. ನಾಲ್ಕನೆಯದಾಗಿ ಚೌಳಹಿರಿಯೂರಿನ ತೀರ್ಥಪ್ಪನವರ ಮಗ ಓಂಕಾರಮೂರ್ತಿಯ ಫೋಟೋ ಬಂತು. ಹುಡುಗ ಕೃಷಿ ಇಲಾಖೆಯಲ್ಲಿ ಕೆಲಸದಲ್ಲಿದ್ದ. ಲಕ್ಕವಳ್ಳಿಯ ಕಡೆ ರೈತರಿಗೆ ಹೊಸ ಭತ್ತದ ಬೀಜದ ವಿಷಯ ಹೇಳಿಕೊಡುತ್ತಿದ್ದ. ಫೋಟೋ ನೋಡಿದ ಸರ್ವಮಂಗಳ, "ಬರ್ಲಿ ಬಿಡವ್ವ, ನೋಡಾನ" ಎಂದಳು. ಎರಡು ವರ್ಷದಲ್ಲಿ ಅವಳ ಬಾಯಿಂದ ಬಂದ ಅತ್ಯಂತ ಶೃಂಗಾರಮಯವಾದ ಮಾತು ಇದು. ಮಾರನೇ ದಿನ ಆ ಫೋಟೋ ಗೂಡಿನಲ್ಲಿಟ್ಟ ಕಡೆ ಇರದೆ ಅವಳ ಪುಸ್ತಕದಲ್ಲಿ ಸಿಕ್ಕಿದಾಗ, ಈ ಸಂಬಂಧ ಕೈತಪ್ಪಬಾರದು ಎಂದು ವಿಶಾಲಾಕ್ಷಮ್ಮ ಊರದೇವರಿಗೆ ತುಪ್ಪದ ದೀಪ ಹೇಳಿಕೊಂಡರು.

ಅಷ್ಟರಲ್ಲಿ ನಡುವೆ ನಿಂತು ಸಂಬಂಧ ಕುದುರಿಸುತ್ತಿದ್ದ ಹಿರೇನಲ್ಲೂರಿನ, ಕಂದಾಯ ಇಲಾಖೆಯ ನಿವೃತ್ತ ಶೇಕ್ದಾರ್ ಹಾಲಪ್ಪನವರಿಂದ ಒಂದು ಕಾರ್ಡು ಬಂತು. ಹಾಲಪ್ಪನವರು ಮೂವತ್ತು ವರ್ಷ ಹೊಲದ ಬದುವಿನ ಮೇಲೆ ಕೂತು ಮಹಜರು ಬರೆದವರು. ಮಹಜರಿನಲ್ಲಿ ಪೂರ್ಣವಿರಾಮಕ್ಕೇ ಜಾಗ ಕಡಿಮೆ. ಇನ್ನು ಪ್ರಶ್ನಾರ್ಥಕ, ಆಶ್ಚರ್ಯಸೂಚಕಗಳಂತೂ ಸರ್ಕಾರಕ್ಕೆ ಬೇಕಾಗಿಯೇ ಇಲ್ಲ. ಕಾರ್ಡು ಹೀಗಿತ್ತು:

"ಹುಡುಗನ ತಂದೆಯವರು ಕಡೂರಿನಲ್ಲಿರುವ ತಮ್ಮ ಅಣ್ಣನವರನ್ನು ಚೆನ್ನಾಗಿ ಬಲ್ಲವರಾಗಿದ್ದು ಅಣ್ಣನಂತೆಯೇ ತಮ್ಮನೂ ಇರಬಾರದೆಂದು ಪದೇ ಪದೇ ಹೇಳುತ್ತಿರುತ್ತಾರೆ ಸದರಿ ವಿಷಯವನ್ನು ಖುದ್ದು ಖಾತ್ರಿ ಮಾಡಿಕೊಳ್ಳಲು ಬರುವ ಭಾನುವಾರ ಕುಟುಂಬ ಸಮೇತ ಬರತಕ್ಕವರಿದ್ದಾರೆ."

ಮೇಷ್ಟ್ರು ಓದಿದರು. ಎರಡನೇ ಸಲ ಓದಿದರು. ಮುಖ ಅರಳಿತು. ಅಂತೂ ಈ ತಾಲ್ಲೂಕಿನಲ್ಲಿ ಒಬ್ಬನಾದರೂ ತಿಳಿವಳಿಕಸ್ಥ ಇದ್ದಾನೆ! ಕಾರ್ಡನ್ನು ಯಾರಿಗೂ ಕೊಡದೆ ಕೋಟಿನ ಒಳಜೇಬಿಗೆ ಸೇರಿಸಿ ಗಂಭೀರವಾಗಿ ಘೋಷಿಸಿದರು:

"ನೋಡೇ, ಹುಡುಗನ ಅಪ್ಪನಿಗೆ ಇರೋದು ಒಂದೇ ಅನುಮಾನ. ನಾನೂ ಅಣ್ಣನ ಥರಾನೇ ಅಂತ. ಇಲ್ಲ ಅಂತ ಗೊತ್ತಾಗಿಬಿಟ್ರೆ ಮದುವೆ ಆದಂಗೇ."

"ಹಂಗಂತ ಬರ್ದಿದಾರಾ? ಕೊಡಿ ಇಲ್ಲಿ, ನೋಡಾನ."

"ಶೇಕ್ದಾರ್ ಬರವಣಿಗೆ ನಿನಗೇನ್ ಅರ್ಥ ಆಗ್ತದೆ? ಹೇಳಿದಷ್ಟು ಕೇಳು. ಭಾನುವಾರ ಈ ಮನೇಲಿ ಮೂರು ಕಟ್ಟಳೆ. ಒಂದು, ಯಾರೂ ಗಟ್ಟಿಯಾಗಿ ನಗಬಾರದು. ಎರಡು, ನಾನು ಯಾರ ತೊಡೇನೂ ತಟ್ಟೋದಿಲ್ಲ."

"ಅದು ಒಳ್ಳೇದೇ."

"ಮೂರು, ತಿನ್ನೋಕೆ ಬಲವಂತ ಮಾಡಬಾರದು."

ವಿಶಾಲಾಕ್ಷಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. "ಬಲವಂತ ಮಾಡ್ದೆ ಬಡಿಸೋದಾ? ಅದೇನ್ರೀ, ಬೀಗ್ರಾಗೋರು ಬರೋ ಮನೇನಾ, ಜೈಲಾ?"

"ಒಂದ್ ಸಲ ಕೇಳೋದು. ಬೇಡ ಅಂದ್ರೆ ಬಿಡೋದು. ಅಣ್ಣ ಮಾಡೋದೆಲ್ಲ ನಾವು ಮಾಡಬಾರದು. ಇದು ಮಗಳ ಭವಿಷ್ಯದ ಪ್ರಶ್ನೆ!"

ಮಗಳ ಭವಿಷ್ಯ ಅಂದಮೇಲೆ ಯಾವ ತಾಯಿ ತಾನೇ ಎದುರಾಡುತ್ತಾಳೆ? ವಿಶಾಲಾಕ್ಷಮ್ಮ ಹಲ್ಲು ಕಚ್ಚಿಕೊಂಡು ಒಪ್ಪಿದರು.

ಭಾನುವಾರ ಬೆಳಗಿನ ರೈಲಿಗೆ ತೀರ್ಥಪ್ಪನವರು ಬಂದರು. ಅಗಲವಾದ ಮುಖ, ಎರಡು ಕಿವಿಗೂ ಮುಟ್ಟುವ ನಗೆ. ಅವರ ಹಿಂದೆ ಹೆಂಡತಿ ಗುರುಶಾಂತಮ್ಮ. ಅವರ ಹಿಂದೆ, ತನ್ನ ಕಾಲಿನ ಹೆಬ್ಬೆರಳಿನಲ್ಲಿ ಏನೋ ಸಂಶೋಧನೆ ನಡೆಸುತ್ತ ಓಂಕಾರಮೂರ್ತಿ. ತೀರ್ಥಪ್ಪನವರು ಬಾಗಿಲಲ್ಲೇ ಮೇಷ್ಟ್ರನ್ನು ನೋಡಿ, "ಅಬ್ಬಬ್ಬಾ! ಥೇಟು ಅಣ್ಣಾರ ಮೂಗೇ!" ಎಂದು ಕೈ ಚಾಚಿದರು.

"ಮೂಗೊಂದೇ," ಎಂದು ಮೇಷ್ಟ್ರು ಎಚ್ಚರಿಸಿದರು. "ಮಿಕ್ಕಿದ್ದು ಬೇರೆ."

ಸರ್ವಮಂಗಳ ಉಪ್ಪಿಟ್ಟು ತಂದಿಟ್ಟಳು. ಹುಡುಗ ಹೆಬ್ಬೆರಳಿನಿಂದ ತಲೆಯೆತ್ತಿ ಒಂದು ಸಲ ನೋಡಿದ. ಅವಳೂ ನೋಡಿ ಒಳಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತಳು. ತೀರ್ಥಪ್ಪನವರ ತಟ್ಟೆ ಎರಡೇ ನಿಮಿಷದಲ್ಲಿ ಖಾಲಿಯಾಯಿತು. ವಿಶಾಲಾಕ್ಷಮ್ಮ ಸೌಟು ಹಿಡಿದು ಮುಂದೆ ಬರುತ್ತಿದ್ದಂತೆ ಮೇಷ್ಟ್ರು ಕೆಮ್ಮಿದರು. ಅವರು ಅಲ್ಲೇ ನಿಂತರು.

"ಸಾಕಾ?" ಎಂದರು ಮೇಷ್ಟ್ರು ತೀರ್ಥಪ್ಪನವರಿಗೆ.

"ಸಾಕು" ಎಂದರು ತೀರ್ಥಪ್ಪನವರು.

ಕಡೂರು ಸೀಮೆಯಲ್ಲಿ ಮೊದಲನೇ ಸಲ 'ಸಾಕು' ಅಂದರೆ ಇನ್ನೊಂದು ಸೌಟು ಎಂದರ್ಥ. ಎರಡನೇ 'ಸಾಕು' ಅಂದರೆ ಅರ್ಧ ಸೌಟು. ಮೂರನೆಯದಕ್ಕೆ ಮಾತ್ರ ನಿಘಂಟಿನ ಅರ್ಥ. ಇದು ಮೇಷ್ಟ್ರಿಗೆ ತಿಳಿಯದ್ದೇನಲ್ಲ. ಆದರೂ "ಸಂತೋಷ" ಎಂದು ಹೇಳಿ ಹೆಂಡತಿಗೆ ಒಳಗೆ ಹೋಗುವಂತೆ ಸನ್ನೆ ಮಾಡಿದರು. ತೀರ್ಥಪ್ಪನವರ ಬೆರಳು ಖಾಲಿ ತಟ್ಟೆಯಲ್ಲಿ ಒಂದು ಸುತ್ತು ಹಾಕಿ ಬರಿದೇ ವಾಪಸ್ಸು ಬಂತು.

ಮನಸ್ಸು ಹಗುರ ಮಾಡಿಕೊಳ್ಳೋಣವೆಂದು ಅವರೊಂದು ಹಾಸ್ಯ ಹೇಳಿದರು. ಅವರೂರಿನ ದೊಡ್ಡಬೀರಪ್ಪ ಎಂಬವನು ಕೃಷಿ ಆಫೀಸಿನವರು ಕೊಟ್ಟ ಹೊಸ ತಳಿ ರಾಗಿಯನ್ನು ಬಿತ್ತದೆ ರೊಟ್ಟಿ ತಟ್ಟಿಸಿ ತಿಂದು, ಪೈರು ನೋಡಲು ಸಾಹೇಬರು ಬಂದಾಗ "ನೀವು ಒಂದ್ ವಾರ ತಡ ಮಾಡಿದ್ರಿ ಸ್ವಾಮಿ, ನಂದು ಆಗ್ಲೇ ಕಟಾವಾತು" ಅಂದನಂತೆ. ಗುರುಶಾಂತಮ್ಮ ನಕ್ಕರು. ಬಾಗಿಲ ಮರೆಯೂ ಕಿಸಕ್ಕೆಂದಿತು. ಮೇಷ್ಟ್ರ ಹೊಟ್ಟೆಯೊಳಗಿನಿಂದ ಗುಡುಗಿನಂಥದೊಂದು ಎದ್ದು ಗಂಟಲವರೆಗೂ ಬಂತು. ಅವರು ತುಟಿ ಬಿಗಿದರು, ಕಿವಿ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಗುಡುಗು ಕೆಳಗಿಳಿಯಿತು.

"ಮೈ ಹುಷಾರಿಲ್ವೇನೋ" ಎಂದರು ಗುರುಶಾಂತಮ್ಮ ಕನಿಕರದಿಂದ.

"ನಿಮ್ಮಣ್ಣಾರಾಗಿದ್ರೆ ಇಷ್ಟೊತ್ತಿಗೆ ಜಂತೆ ಅಲ್ಲಾಡಿಬಿಡೋದು" ಎಂದು ತೀರ್ಥಪ್ಪನವರು ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರನ್ನು ಮೇಷ್ಟ್ರು ತಮಗೆ ಬೇಕಾದ ಕಡೆಯಿಂದ ಕೇಳಿಸಿಕೊಂಡರು. ಇದೇ ಸಮಯವೆಂದು ಅಲಸಂದೆ ಡಬ್ಬ ಹೊರಗೆ ಬಂತು.

ಮುಂದಿನ ಮೂವತ್ತೈದು ನಿಮಿಷ ಮೇಷ್ಟ್ರು ಪಾಠ ಮಾಡಿದರು. ವರ್ಣತಂತು ಬಂತು, ವಂಶವಾಹಿ ಬಂತು. ಬಿಳಿ ಕಾಳು, ಕೆಂಪು ಕಾಳು ಚಾಪೆಯ ತುಂಬ ಹರಡಿದವು. ಕೊನೆಗೆ ಮೇಷ್ಟ್ರು ಎದ್ದು ನಿಂತರು.

"ಆದ್ದರಿಂದ ಮಹನೀಯರೇ, ನಲವತ್ತಾರು ಸಲ ತೆಗೆದಾಗ ನಲವತ್ತಾರು ಸಲಾನೂ ತಮ್ಮನಿಗೆ ಅಣ್ಣನ ಕಾಳು ಬಿಟ್ಟು ಬೇರೆ ಕಾಳೇ ಬರೋ ಸಂಭವ ಎಷ್ಟು ಗೊತ್ತಾ? ಎಪ್ಪತ್ತು ಲಕ್ಷ ಕೋಟಿಗೆ ಒಂದು! ಆ ಒಂದು ಯಾರು? ನಾನು! ಅಣ್ಣನಿಗೂ ನನಗೂ ತಾಳೆಯಾಗೋ ಒಂದು ಕಾಳೂ ಇಲ್ಲ!"

ತೀರ್ಥಪ್ಪನವರ ಮುಖ ಬಾಡಿದ ವೀಳ್ಯದೆಲೆಯಾಯಿತು. "ಒಂದೂ ಇಲ್ವಾ?" ಎಂದರು ಕ್ಷೀಣವಾಗಿ.

"ಒಂದೂ ಇಲ್ಲ!"

"ಒಂದಂತೂ ಇರ್ಲೇಬೇಕು ಅಪ್ಪಾಜಿ" ಎಂದು ಬಾಗಿಲ ಮರೆಯಿಂದ ಒಂದು ದನಿ ಬಂತು. "ಇಬ್ರೂ ಗಂಡುಮಕ್ಳಲ್ವಾ? ಗಂಡಾಗಬೇಕಾದ್ರೆ ಅಪ್ಪನ ಕಡೆಯಿಂದ 'ವೈ' ಅನ್ನೋ ತಂತೂನೇ ಬರಬೇಕು. ನಿಮಗೂ ಅದೇ, ದೊಡ್ಡಪ್ಪಾಜಿಗೂ ಅದೇ. ಆ ಜೋಡೀಲಿ ಅದೃಷ್ಟದ ಮಾತೇ ಇಲ್ಲ. ನಲವತ್ತಾರಲ್ಲ, ನಲವತ್ತೈದು ಸಲ. ಎಪ್ಪತ್ತಲ್ಲ, ಮೂವತ್ತೈದು ಲಕ್ಷ ಕೋಟಿ."

ಓಂಕಾರಮೂರ್ತಿಯ ಹೆಬ್ಬೆರಳಿನ ಸಂಶೋಧನೆ ಅಲ್ಲಿಗೆ ನಿಂತಿತು. ಅವನು ಬಾಗಿಲ ಕಡೆ ತಿರುಗಿ ಕೂತವನು ಮತ್ತೆ ಈ ಕಡೆ ತಿರುಗಲಿಲ್ಲ. ಮೇಷ್ಟ್ರು ಅದನ್ನು ಗಮನಿಸಲಿಲ್ಲ. ಸಭೆಯೆದುರು ಅರ್ಧಕ್ಕರ್ಧ ಕೋಟಿಗಳನ್ನು ಕಳೆದುಕೊಂಡ ದುಃಖದಲ್ಲಿದ್ದರು.

ತೀರ್ಥಪ್ಪನವರು ಎದ್ದು ಶಲ್ಯ ಕೊಡವಿದರು. "ಬತ್ತೀವಿ ಮೇಷ್ಟ್ರೆ. ಊರಿಗೋಗಿ ಕಾಗದ ಬರೀತೀವಿ."

'ಊರಿಗೆ ಹೋಗಿ ಕಾಗದ ಬರೀತೀವಿ' ಎಂದು ಹೇಳಿ ಹೋದವರು ಕಾಗದ ಬರೆದ ದಾಖಲೆ ಕಡೂರು, ತರೀಕೆರೆ ಎರಡೂ ತಾಲ್ಲೂಕಿನಲ್ಲಿ ಇಲ್ಲ. ಅತಿಥಿಗಳು ತಿರುವು ದಾಟಿದ್ದೇ ತಡ, ವಿಶಾಲಾಕ್ಷಮ್ಮ ಬಂದು ಗಂಡನ ಮುಂದೆ ಅಂಗೈ ಚಾಚಿದರು.

"ತೆಗೀರಿ ಆ ಕಾರ್ಡು."

ಮೇಷ್ಟ್ರು ತೆಗೆದರು. ಆ ದನಿಯ ಮುಂದೆ ಬೇರೆ ದಾರಿ ಇರಲಿಲ್ಲ. ವಿಶಾಲಾಕ್ಷಮ್ಮ ಓದಿದರು. ಒಂದು ಪದದ ಮೇಲೆ ಬೆರಳು ನಿಂತಿತು.

"ಇರಬಾರದೆಂದು. ಬಿಡಿಸಿ ಹೇಳಿ."

"ಏನ್ ಬಿಡಿಸೋದು? ಇರಬಾರದು ಅಧಿಕ ಎಂದು, ಇರಬಾರದೆಂದು. ಲೋಪಸಂಧಿ. ನಾಲ್ಕನೇ ಕ್ಲಾಸಿನ ಹುಡುಗಂಗೂ ಗೊತ್ತು."

"ಇರಬಾರದೆ ಅಧಿಕ ಎಂದು?"

"ಇರಬಾರದೆ... ಎಂದು..." ಮೇಷ್ಟ್ರು ಬಾಯಲ್ಲೇ ಸೇರಿಸಿ ನೋಡಿದರು. "ಅದೂ... ಇರಬಾರದೆಂದು."

"ಮಳೆ ಬರಬಾರದೆ ಅಂತೀವಲ್ಲ, ಅದು ಮಳೆ ಬೇಡ ಅಂತಾನಾ? ಅಯ್ಯೋ ಬರಬಾರದೆ, ಬಂದ್ರೆ ಎಷ್ಟು ಚೆನ್ನಾಗಿತ್ತು ಅಂತ! ಹಂಗೇ ಇದೂನೂ. ಅಣ್ಣನ ಥರಾನೇ ತಮ್ಮಾನೂ ಇರಬಾರದೆ ಅಂತ ಆ ಯಪ್ಪ ಆಸೆಪಟ್ಕೊಂಡು ಬಂದ್ರೆ, ನೀವು ಅವ್ರ ಹೊಟ್ಟೆಗೂ ಹಾಕ್ಲಿಲ್ಲ, ಅವ್ರ ಮಾತು ಕಿವಿಗೂ ಹಾಕ್ಕೊಳ್ಲಿಲ್ಲ, ಚಾಪೆ ತುಂಬ ಕಾಳು ಹಾಕಿದ್ರಿ! ಲೋಪಸಂಧಿ ಅಂತೆ. ಲೋಪ ಎಲ್ಲಿ ಅಂತ ಈಗ ಗೊತ್ತಾಯ್ತಾ?"

ಮೇಷ್ಟ್ರು ಗೋಡೆಗೆ ಒರಗಿದರು. ನಿಟ್ಟುಸಿರು, ಖಾಲಿ ತಟ್ಟೆಯಲ್ಲಿ ಸುತ್ತಿದ ಬೆರಳು, 'ಒಂದೂ ಇಲ್ವಾ' ಎಂಬ ಕ್ಷೀಣ ದನಿ ಒಂದೊಂದಾಗಿ ನೆನಪಾಗಿ ಸರಿಯಾದ ಕಡೆಯಿಂದ ಕೇಳಿಸತೊಡಗಿದವು. ಒಳಗೆ ಸರ್ವಮಂಗಳ ಕಾಳು ಆರಿಸಿ ಡಬ್ಬಕ್ಕೆ ತುಂಬುತ್ತಿದ್ದಳು. ಅವಳು ಅಳುತ್ತಿರಲಿಲ್ಲ. ಬಿಳಿಯ ಕಾಳು ಬೇರೆ, ಕೆಂಪು ಬೇರೆ ಮಾಡಿ ತುಂಬುತ್ತಿದ್ದಳು. ಹಾಗೆ ಬೇರೆ ಮಾಡುವ ಅಗತ್ಯವೇ ಇರಲಿಲ್ಲ.

"ಕಡೂರಿಗೆ ಹೋಗಿ" ಎಂದರು ವಿಶಾಲಾಕ್ಷಮ್ಮ. "ಭಾವನೋರ ಕಾಲು ಹಿಡೀರಿ. ಅವರು ಒಂದು ಮಾತು ಹೇಳಿದ್ರೆ ತೀರ್ಥಪ್ಪನೋರು ಕೇಳ್ತಾರೆ."

"ಒಂಬತ್ತು ವರ್ಷದಿಂದ ಮಾತಾಡಿಲ್ಲ ಕಣೇ."

"ಎಪ್ಪತ್ತು ಲಕ್ಷ ಕೋಟಿ ಎಣಿಸಿದೋರಿಗೆ ಒಂಬತ್ತು ದೊಡ್ಡದಾ?"

ಸೋಮವಾರ ಶಾಲೆಗೆ ರಜೆ ಬರೆದುಕೊಟ್ಟು ಮೇಷ್ಟ್ರು ರೈಲು ಹತ್ತಿದರು. ಬೀರೂರಿನಲ್ಲಿ ಇಳಿದು ಬಸ್ಸು ಹಿಡಿದು ಕಡೂರು ತಲುಪುವಾಗ ಹನ್ನೆರಡು ಗಂಟೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನನ ಮಾಡಿಕೊಂಡಿದ್ದರು. ಅಣ್ಣನ ಮನೆಯ ಪಡಸಾಲೆಗೆ ಕಾಲಿಟ್ಟರೆ ಎಲ್ಲ ಮರೆತುಹೋಯಿತು. ಎಲೆಯ ಮುಂದೆ ಸಾಕ್ಷಾತ್ ತೀರ್ಥಪ್ಪನವರೇ ಕೂತಿದ್ದರು! ಪಕ್ಕದಲ್ಲಿ ಗುರುಶಾಂತಮ್ಮ. ಅಜ್ಜಂಪುರದಿಂದ ಊರಿಗೆ ಹೋಗುವ ದಾರಿಯಲ್ಲಿ ಕಡೂರಿನಲ್ಲಿ ಬಸ್ಸಿಗೆ ಕಾದಿದ್ದವರನ್ನು ಮಲ್ಲಿಕಾರ್ಜುನಪ್ಪನವರು ಹಿಡಿದು ತಂದು ಉಳಿಸಿಕೊಂಡಿದ್ದರು. ಡ್ಯೂಟಿ ಇದ್ದದ್ದರಿಂದ ಹುಡುಗ ಮಾತ್ರ ಬಚಾವಾಗಿ ಬೆಳಗಿನ ಬಸ್ಸಿಗೆ ಲಕ್ಕವಳ್ಳಿಗೆ ಹೋಗಿದ್ದ. ಅತ್ತಿಗೆ ವಿಮಲಮ್ಮ ಹೋಳಿಗೆ ಬಡಿಸುತ್ತಿದ್ದರು.

ಮಲ್ಲಿಕಾರ್ಜುನಪ್ಪನವರು ತಮ್ಮನನ್ನು ನೋಡಿದರು. ತಮ್ಮ ಅಣ್ಣನನ್ನು ನೋಡಿದ. ಇಬ್ಬರೂ ಒಟ್ಟಿಗೆ ಗಂಟಲು ಸರಿಮಾಡಿಕೊಂಡರು. ಇಬ್ಬರೂ ಎಡಗೈಯಿಂದ ಪಂಚೆಯ ಚುಂಗು ಎತ್ತಿ ಹಿಡಿದರು.

"ಏನ್ಲಾ, ದಾರಿ ತಪ್ತಾ?" ಎಂದರು ಅಣ್ಣ.

ಮೇಷ್ಟ್ರು ಅದಕ್ಕೆ ಉತ್ತರ ಕೊಡದೆ ನೇರವಾಗಿ ತೀರ್ಥಪ್ಪನವರ ಮುಂದೆ ಕೈಮುಗಿದು ನಿಂತರು. "ಸ್ವಾಮಿ, ನಿನ್ನೆ ನಾನು ಹೇಳಿದ್ದು ಪೂರ್ತಿ ತಪ್ಪು. ನಾನು ನಮ್ಮಣ್ಣನ ಹಾಗೇನೇ."

ತೀರ್ಥಪ್ಪನವರು ಹೆಂಡತಿಯ ಮುಖ ನೋಡಿದರು. ತುಪ್ಪದ ಕೈಯನ್ನು ಎಲೆಯ ಮೇಲೇ ಇಟ್ಟುಕೊಂಡು ಬಲು ಗಂಭೀರವಾಗಿ ಕೇಳಿದರು: "ಅದೆಂಗೆ ಮೇಷ್ಟ್ರೆ? ಆ ಮೂವತ್ತೈದು ಲಕ್ಷ ಕೋಟಿ ಏನಾತು?"

"ಅದು ಬರೀ ಲೆಕ್ಕಕ್ಕೆ. ನಿಜವಾಗಿ ಅಣ್ಣತಮ್ಮಂದಿರು ಸರಾಸರಿ ಅರ್ಧ ಒಂದೇ ಥರ ಇರ್ತಾರೆ."

"ಅರ್ಧ ಅಂದ್ರೆ? ಸೊಂಟದ ಮೇಲ್ಗಡೆದಾ, ಕೆಳಗಡೆದಾ?"

"ಅರ್ಧ ಏನ್ಲಾ ಅರ್ಧ?" ಎಂದು ಅಣ್ಣ ನಡುವೆ ಬಾಯಿ ಹಾಕಿದರು. "ಒಂದೇ ಅಪ್ಪ, ಒಂದೇ ಅವ್ವ, ಒಂದೇ ತೊಟ್ಲು. ಪೂರ್ತಿ ಒಂದೇ ಅನ್ನು!"

ಆಗ ಮೇಷ್ಟ್ರು ಸುಮ್ಮನೆ ತಲೆಯಾಡಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಇಪ್ಪತ್ತೆರಡು ವರ್ಷದ ಸೇವೆ ಬಾಯಿ ಮುಚ್ಚಿಕೊಂಡಿರಲು ಬಿಡಬೇಕಲ್ಲ! "ಪೂರ್ತಿ ಒಂದೇ ಆಗೋಕೆ ನಾವೇನು ಅವಳಿ ಮಕ್ಕಳಾ? ಅದೂ ಎಲ್ಲಾ ಅವಳೀನೂ ಅಲ್ಲ. ಒಂದೇ ಮೊಟ್ಟೆ ಎರಡಾಗಿ ಹುಟ್ಟಿದ ಅವಳಿ ಮಾತ್ರ. ಗೊತ್ತಿಲ್ದೆ ಮಾತಾಡಬಾರದು."

"ಮೊಟ್ಟೆ ಮಾತು ಬೇಡ, ನಾವು ಲಿಂಗ ಕಟ್ಟಿದೋರು!"

"ಅದು ಕೋಳಿ ಮೊಟ್ಟೆ ಅಲ್ಲ!"

"ಯಾವ್ದಾದ್ರೇನು? ಅಣ್ಣನ ಥರ ಇದೀನಿ ಅನ್ನೋಕೆ ನಾಲಿಗೆ ತಿರುಗಲ್ವಾ ನಿಂಗೆ? ಚಪ್ಪಲಿ ಮಾತ್ರ ಅಣ್ಣಂದು ಬೇಕಿತ್ತು!"

"ಚಪ್ಪಲಿ ನಂದು!"

"ನಂದು!"

"ಅಪ್ಪಯ್ಯನ ಆಣೆಗೂ ನಂದು!" ಈ ಕೊನೆಯ ವಾಕ್ಯವನ್ನು ಯಾರು ಹೇಳಿದರೆಂದು ಹೇಳಲಾಗದು; ಇಬ್ಬರೂ ಒಂದೇ ಉಸಿರಿಗೆ, ಒಂದೇ ಸ್ವರದಲ್ಲಿ ಹೇಳಿದರು. ಜಗಳದ ಭರದಲ್ಲಿ ಇಬ್ಬರೂ ತೀರ್ಥಪ್ಪನವರ ಆಚೀಚೆ ಕುಕ್ಕರಿಸಿದ್ದರು. ಇಬ್ಬರ ಬಲಗೈ ತೋರುಬೆರಳೂ ಮೇಲೆದ್ದಿತ್ತು. ಇಬ್ಬರ ಎಡಗೈಯೂ ಕೆಳಗಿಳಿದು, ಪಾಪ, ನಡುವೆ ಕೂತಿದ್ದ ತೀರ್ಥಪ್ಪನವರ ಎರಡೂ ತೊಡೆಗಳನ್ನು ಏಕಕಾಲಕ್ಕೆ ತಟ್ಟಿತು.

ತೀರ್ಥಪ್ಪನವರಿಗೆ ತಡೆಯಲಾಗಲಿಲ್ಲ. ಬಾಯಲ್ಲಿದ್ದ ಹೋಳಿಗೆ ಸಮೇತ ನಗೆ ಹೊರಗೆ ಬಂತು. ಅದನ್ನು ನೋಡಿ ಅಣ್ಣ ನಕ್ಕರು. ಆಮೇಲೆ ನಿನ್ನೆಯಿಂದ ಹೊಟ್ಟೆಯಲ್ಲಿ ಕೊಳೆಯುತ್ತಿದ್ದ ದೊಡ್ಡಬೀರಪ್ಪನ ರಾಗಿ ರೊಟ್ಟಿಯ ನಗೆಯೂ ಸೇರಿಕೊಂಡು ಮೇಷ್ಟ್ರ ಗಂಟಲಿಂದ ಗುಡುಗು ಸಿಡಿಯಿತು. ಅಟ್ಟದ ಮೇಲೆ ಒಣಗಿದ್ದ ಕೊಬ್ಬರಿಯಲ್ಲಿ ಎರಡು ಉರುಳಿ ಕೆಳಗೆ ಬಿದ್ದವು.

"ಸಾಕು, ಸಾಕು!" ಎಂದರು ತೀರ್ಥಪ್ಪನವರು ಕಣ್ಣೊರೆಸಿಕೊಳ್ಳುತ್ತ.

ಅಣ್ಣತಮ್ಮಂದಿರಿಬ್ಬರೂ ಅದನ್ನು ಮೊದಲನೇ 'ಸಾಕು' ಎಂದು ಲೆಕ್ಕ ಹಿಡಿದು, ಎರಡು ಕಡೆಯಿಂದ ಒಂದೊಂದು ಹೋಳಿಗೆ ಅವರ ಎಲೆಗೆ ಹಾಕಿದರು.

ನಗು ಒಂದು ಹದಕ್ಕೆ ಬಂದಮೇಲೆ ಮೇಷ್ಟ್ರು ಮೆಲ್ಲಗೆ ಕೇಳಿದರು: "ಹಂಗಾದ್ರೆ... ನಾನು ಅಣ್ಣನ ಥರಾನೇ ಅಂತ ಖಾತ್ರಿ ಆಯ್ತಲ್ಲ? ನಮ್ಮ ಹುಡುಗಿ ವಿಷಯ..."

"ಅದು ನೆನ್ನೆ ರೈಲಲ್ಲೇ ಮುಗೀತಲ್ಲ ಮೇಷ್ಟ್ರೆ!" ಎಂದರು ತೀರ್ಥಪ್ಪನವರು. "ನಾನೇನೋ ಬ್ಯಾಡ ಅಂತಿದ್ದೆ. ಹುಡುಗ ಕೇಳ್ಬೇಕಲ್ಲ. ಮದ್ವೆ ಆದ್ರೆ ಅವ್ಳನ್ನೇ ಆಗೋದು ಅಂತ ಕೂತ್ಬಿಟ್ಟ. ದಿನ ಗೊತ್ತು ಮಾಡಾನ ಅಂತ್ಲೇ ನಿಮ್ಮಣ್ಣಾರ ಹತ್ರ ಉಳಕೊಂಡಿದ್ದು. ಕಾರ್ತೀಕಕ್ಕೆ ಆಗ್ಲಿ ಅಂತ ಮಾತಾಡಿದೀವಿ."

"ಮತ್ತೆ ನಾನು ಬಂದ ತಕ್ಷಣ ಹೇಳ್ಬಾರದಿತ್ತಾ ಸ್ವಾಮಿ?"

"ಹೇಳ್ಬಹುದಿತ್ತು. ಇಷ್ಟು ಚೆನ್ನಾಗಿರೋ ಜಗಳಾನ ಕೆಡಿಸೋಕೆ ಮನಸ್ಸು ಬರ್ಲಿಲ್ಲ."

ಮೇಷ್ಟ್ರಿಗೆ ಮೊದಲು ಪ್ರಾಣ ಬಂದಂತಾಯಿತು. ಎರಡನೆಯದಾಗಿ, ಸಹಜವಾಗಿಯೇ, ಹೆಮ್ಮೆಯಾಯಿತು. "ಹಂಗಾದ್ರೆ ಹುಡುಗನಿಗೆ ನನ್ನ ಪಾಠ ಹಿಡಿಸ್ತು ಅನ್ನಿ. ವಿಜ್ಞಾನ ಗೊತ್ತಿರೋ ಹುಡುಗ!"

ಗುರುಶಾಂತಮ್ಮ ಮುಚ್ಚುಮರೆ ಅರಿಯದ ಹೆಂಗಸು. "ಅಯ್ಯೋ ಇಲ್ಲ ಕಣಣ್ಣ. 'ಅವರಪ್ಪ ಅಷ್ಟೊಂದು ಕೋಟಿ ತಪ್ಪು ಹೇಳ್ತಿದ್ರೆ ಆ ಹುಡುಗಿ ನಿಂತಲ್ಲೇ ತಿದ್ದಿದ್ಲಲ್ಲವ್ವ, ಅವರಪ್ಪನ ಗುಣ ಅವ್ಳಿಗೆ ಒಂದು ಕಾಳಿನಷ್ಟೂ ಬಂದಿಲ್ಲ, ಧೈರ್ಯವಾಗಿ ತರಬಹುದು' ಅಂದ. ನಂಗೂ ಅದೇ ಸಮಾಧಾನ ಆತು."

ಮೇಷ್ಟ್ರು ಬಾಯಿ ತೆರೆದರು. ಅಣ್ಣತಮ್ಮಂದಿರ ನಡುವೆ ಸರಾಸರಿ ಇದೆ, ಅದೃಷ್ಟವಿದೆ, ಹೆಚ್ಚುಕಡಿಮೆ ಇದೆ. ಅಪ್ಪನಿಗೂ ಮಗಳಿಗೂ ಅದ್ಯಾವುದೂ ಇಲ್ಲ. ಇಪ್ಪತ್ಮೂರು ಅಂದರೆ ಇಪ್ಪತ್ಮೂರು. ನಿನ್ನೆ ಬಾಗಿಲ ಮರೆಯಿಂದ ಅಪ್ಪನನ್ನು ತಿದ್ದಿದ ಆ ಹುಡುಗಿಯ ವರ್ಣತಂತುಗಳಲ್ಲಿ ಅರ್ಧ, ಕರಾರುವಾಕ್ಕಾಗಿ ಅರ್ಧ, ಅಜ್ಜಂಪುರದ ಪಂಚಾಕ್ಷರಪ್ಪನದೇ. ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಎದುರಿಗೆ ಬೀಗಿತ್ತಿಯಾಗುವವರು ಸಮಾಧಾನದಿಂದ ತುಪ್ಪ ಕಲಸಿಕೊಳ್ಳುತ್ತಿದ್ದರು. ಅಣ್ಣ ಹುಬ್ಬೇರಿಸಿ ನೋಡುತ್ತಿದ್ದರು.

ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಮೊಟ್ಟಮೊದಲ ಬಾರಿಗೆ ಪಂಚಾಕ್ಷರಪ್ಪ ಮೇಷ್ಟ್ರು ಗೊತ್ತಿದ್ದದ್ದನ್ನು ನುಂಗಿಕೊಂಡರು.

"ಹೌದು ತಾಯಿ" ಎಂದರು. "ಅವಳು ಪೂರ್ತಿ ಅವರವ್ವನ ಹಾಗೆ."